ಎಡೆಗಿಟ್ಟ ಸೋರೆಕಾಯಿ

ಮಕ್ತಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಹಿತ್ತಲಲ್ಲಿ ತಾನು ಬಿತ್ತಿದ್ದಕ್ಕಿಂತ ಬಿತ್ತದೆ ಬಂದದ್ದರ ಮೇಲೇ ಪ್ರೀತಿ ಹೆಚ್ಚು. ಗೊಬ್ಬರಕ್ಕೆಂದು ತಮ್ಮನ ಕುರಿಗಳನ್ನು ರಾತ್ರಿ ಅಲ್ಲಿ ತರುಬಿಸಿ ಮಲಗಿಸುವಳು. ಆಮೇಲೆ ಹಿಕ್ಕೆಯೊಳಗಿನ ಬೀಜ ಮೊಳೆತು ಮೆಂತ್ಯದ ಮಡಿಯಲ್ಲಿ ಜಾಲಿ, ಬದನೆಯ ಸಾಲಿನಲ್ಲಿ ಕಲ್ಲಂಗಡಿ ಏಳುತ್ತಿದ್ದವು. ಕೀಳಲು ಹೋದರೆ ಕೈ ಹಿಡಿಯುವಳು: "ತಾನಾಗಿ ಬಂದದ್ದು ಬೀರಪ್ಪದೇವ್ರು ಕೊಟ್ಟದ್ದು ಐತ್ರಿ, ಮುಟ್ಟಬ್ಯಾಡ್ರಿ."

ಹೋದ ವರ್ಷ ಹಾಗೆ ಬಂದ ಸೋರೆಬಳ್ಳಿ ಮಾಳಿಗೆಗೆ ಹಬ್ಬಿ, ತೊಟ್ಟಿಲ ಕೂಸಿನಂಥ ಕಾಯಿ ಬಿಟ್ಟಿತು. ಮೊದಲ ಕಾಯಿ ದೇವರಿಗೆ. ಎಡೆಯ ಅಡುಗೆಯನ್ನು ರುಚಿ ನೋಡಿದರೆ ಎಂಜಲಾಗುತ್ತದಲ್ಲ, ಪಲ್ಯವನ್ನು ನಾಲಿಗೆಗೆ ಸೋಕಿಸದೆ ಬೀರಪ್ಪನಿಗೆ ಎಡೆ ಹಿಡಿದಳು. ಆಮೇಲೆ ಓಣಿಯವರನ್ನೆಲ್ಲ ಕೂರಿಸಿ ಬಡಿಸಿದಳು.

ಬಾಯಿಗಿಟ್ಟರೆ ಬೇವಿನೆಣ್ಣೆಯಂಥ ಕಹಿ! ಪ್ರಸಾದವನ್ನು ಉಗುಳುವಂತಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ನುಂಗಿದೆವು.

"ಹೆಂಗೈತ್ರಿ?"

"ಭಾಳ ಚಲೋ ಆಗೇತ್ರಿ," ಎಂದೆ, ನೀರಿನ ಚೊಂಬು ಹುಡುಕುತ್ತ.

ಆಕೆ ಖುಷಿಯಿಂದ ತಾನೂ ಒಂದು ತುತ್ತು ಹಾಕಿಕೊಂಡಳು. ಅಗಿಯುವುದು ಅಲ್ಲೇ ನಿಂತಿತು. ಕಷ್ಟಪಟ್ಟು ನುಂಗಿ, ನಮ್ಮನ್ನು ಬಿಟ್ಟು ದೇವರ ಜಗಲಿಯ ಕಡೆ ತಿರುಗಿದಳು:

"ಇವ್ರಿಗೆ ಸಂಕೋಚ, ಹೇಳಲಿಲ್ಲ. ಮೊದಲ ಉಂಡಾಂವ ನೀನು. ನೀನಾರ ಹೇಳಬಾರದಿತ್ತೇನಪಾ?"