ಟೇಪಮ್ಮನ ಮನೆಶಾಲೆ

ನಾನು ಅವಳನ್ನು ಮೊದಲು ನೋಡಿದ ದಿನ ಅವಳು ಹೊಲಿಗೆ ಮಿಷನ್ನಿನ ತಲೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಸಾಮಾನು ಹೊರುವವನು ಎಷ್ಟು ಕೇಳಿದರೂ ಅದನ್ನು ಅವನ ಕೈಗೆ ಕೊಟ್ಟಿರಲಿಲ್ಲ. ಕುತ್ತಿಗೆಯಲ್ಲಿ ಅಳತೆಯ ಟೇಪು. ಹಿಂದೆ ಇಬ್ಬರು ಹೆಣ್ಣುಮಕ್ಕಳು, ದಾರದ ಉಂಡೆಗಳ ಡಬ್ಬಿ ಹಿಡಿದುಕೊಂಡು.

ನನ್ನ ಬಾಗಿಲ ಮುಂದೆ ಉಸಿರು ತೆಗೆದುಕೊಳ್ಳಲು ನಿಂತಳು. "ಅಮ್ಮಾ, ನಿಮ್ಮ ಮೇಲಿನ ಮನೆಗೆ ಬಂದಿದೀವಿ. ಹಗಲೆಲ್ಲಾ ಮಿಷನ್ ಸದ್ದು ಬರತ್ತೆ, ಬೇಜಾರ್ ಮಾಡ್ಕೋಬೇಡಿ."

"ನಮ್ಮ ಯಜಮಾನರ ಗೊರಕೆ ಜೊತೆ ಬಾಳಿದವಳು ನಾನು. ನಿನ್ನ ಮಿಷನ್ ಯಾವ ಲೆಕ್ಕ, ಹತ್ತು" ಎಂದೆ.

ಮಲಗುವಾಗ ಬಿಟ್ಟರೆ ಆ ಟೇಪು ಅವಳ ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ. ಹಾಗಾಗಿ ಬೀದಿಯವರೆಲ್ಲ ಅವಳನ್ನು ಟೇಪಮ್ಮ ಅಂದರು. ಅವಳು ಹೊಲಿಯುತ್ತಿದ್ದದ್ದು ಹೆಚ್ಚಾಗಿ ಶಾಲೆಯ ಯೂನಿಫಾರಂ. ಅವಳ ಮಕ್ಕಳೂ ಅದೇ ಶಾಲೆಗೆ ಹೋಗುತ್ತಿದ್ದವು. ಚಿಕ್ಕವಳು ಅರಳು ಹುರಿದಂತೆ ಓದುತ್ತಿದ್ದಳು. ದೊಡ್ಡವಳಿಗೆ ಅಕ್ಷರಗಳು ಕೂಡಿ ಬರುತ್ತಿರಲಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಓದದ ದಿನ ಟೀಚರ್ ಅವಳನ್ನು ತರಗತಿಯಿಂದ ಹೊರಗೆ ನಿಲ್ಲಿಸುತ್ತಿದ್ದರು. ಹೊಲಿದ ಬಟ್ಟೆ ಕೊಡಲು ಶಾಲೆಗೆ ಹೋದ ಟೇಪಮ್ಮ ಒಂದು ದಿನ ಅದನ್ನು ಕಣ್ಣಾರೆ ಕಂಡಳು. "ನನ್ನ ಮಗಳೇನು ಚಪ್ಪಲಿನಾ, ಬಾಗಿಲ ಹೊರಗೆ ಬಿಡಕ್ಕೆ?" ಎಂದು ದೊಡ್ಡ ಟೀಚರಮ್ಮನನ್ನು ಕೇಳಿ ಇಬ್ಬರನ್ನೂ ಕೈಹಿಡಿದು ಕರೆತಂದಳು. ನಾಳೆಯಿಂದ ಮನೆಯಲ್ಲೇ ಪಾಠ ಎಂದಳು.

ಅವಳ ಗಂಡ ಲಾರಿ ಓಡಿಸುವವನು. ಬಂದವನೇ, "ಬಿಡಿಸೋದೇನೋ ಬಿಡಿಸಿದೆ. ಕಲಿಸೋದ್ಯಾರು, ನಿನ್ನ ಮಿಷನ್ನಾ?" ಎಂದ.

ಆ ಮಾತು ಅವಳಿಗೆ ಚುಚ್ಚಿತು. ಮನೆಯಲ್ಲಿ ಪಾಠ ಶುರು ಮಾಡುವುದು ಹೇಗೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಅವಳು ಕಂಡಿದ್ದ ಶಾಲೆ ಒಂದೇ. ಅದರ ಅಳತೆಗೇ ಕತ್ತರಿಸಿದಳು. ಮಕ್ಕಳಿಗೆ ಹೊಸ ಯೂನಿಫಾರಂ ಹೊಲಿದಳು, ಮನೆಯೊಳಗೆ ಹಾಕಿಕೊಳ್ಳಲು! ಕತ್ತರಿಯಿಂದ ತಟ್ಟೆ ಬಡಿದು ಗಂಟೆ ಹೊಡೆದಳು. ಬಟ್ಟೆ ಕತ್ತರಿಸುವ ಮೇಜನ್ನು ಬೆಂಚು ಮಾಡಿದಳು. ಪಾಠದ ಹೊತ್ತಿನಲ್ಲಿ ಅವಳನ್ನು ಅಮ್ಮ ಅನ್ನುವಂತಿಲ್ಲ, ಟೀಚರ್ ಅನ್ನಬೇಕು.

"ಟೀಚರ್, ಹಾಲು!" ಎಂದು ಒಂದು ಬೆಳಿಗ್ಗೆ ಚಿಕ್ಕವಳು ಕೂಗಿದ್ದು ನನಗೂ ಕೇಳಿಸಿತು.

"ಕೈ ಎತ್ತಿ ಮಾತಾಡು."

ಅವಳು ಕೈ ಎತ್ತಿ, ಅಪ್ಪಣೆ ಪಡೆದು, "ಹಾಲು ಉಕ್ತಾ ಇದೆ ಟೀಚರ್" ಅನ್ನುವಷ್ಟರಲ್ಲಿ ಹಾಲು ಒಲೆಯ ಪಾಲಾಗಿತ್ತು. ನಾನು ಕೆಳಗೆ ಕುಳಿತು ನಕ್ಕೆ. ದೊಡ್ಡವಳ ನಗು ಮಾತ್ರ ಕೇಳಿಸಲಿಲ್ಲ.

ಆಮೇಲೊಂದು ದಿನ ಬಟ್ಟೆ ಒಣಹಾಕಲು ಮಹಡಿ ಹತ್ತಿದೆ. ಅವರ ಬಾಗಿಲು ಮುಚ್ಚಿತ್ತು. ದೊಡ್ಡವಳು ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಯೂನಿಫಾರಂ ಗುಂಡಿ ಎಲ್ಲ ಸರಿಯಾಗಿ ಹಾಕಿತ್ತು.

"ಯಾಕಮ್ಮಾ ಇಲ್ಲಿ ನಿಂತಿದೀಯ?"

"ಶಾಲೆ ನಡೀತಾ ಇದೆ ಅಜ್ಜಿ" ಎಂದಳು. ಅವಳು ಅಳುತ್ತಿರಲಿಲ್ಲ. ಶಾಲೆ ಎಂದರೆ ಹೀಗೆ ನಿಲ್ಲುವುದೇ ಎಂದುಕೊಂಡಿದ್ದಳು.

ನಾನು ಬಾಗಿಲು ತಳ್ಳಿದೆ. ಟೇಪಮ್ಮ ಮಿಷನ್ ತುಳಿಯುತ್ತಿದ್ದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಸೂಜಿ ಬರಿದೇ ಏಳುತ್ತಿತ್ತು, ಬೀಳುತ್ತಿತ್ತು. ನನ್ನನ್ನು ಕಂಡು ಎದ್ದು ಹೋಗಿ ಮಗಳನ್ನು ಒಳಗೆ ಕರೆದಳು. ಕರೆಯುವಾಗ ಮಗಳ ಮುಖವನ್ನಾಗಲಿ ನನ್ನ ಮುಖವನ್ನಾಗಲಿ ನೋಡಲಿಲ್ಲ.

ಸಂಜೆ ಕೆಳಗಿಳಿದು ಬಂದಳು. ಕುರ್ಚಿ ತೋರಿಸಿದರೂ ಬಾಗಿಲ ಬಳಿ ನೆಲದ ಮೇಲೆ ಕುಳಿತಳು. ಯೂನಿಫಾರಂ ಅಳತೆ ಕೊಡಲು ಒಬ್ಬಾಕೆ ಬಂದಿದ್ದಳಂತೆ. ಅವಳ ಮಗಳೂ ನಮ್ಮ ದೊಡ್ಡವಳೂ ಮೊದಲು ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು. "ಮನೇಲೇ ಓದ್ತೀಯಂತೆ! ಈ ಚೀಲದ ಮೇಲೆ ಏನಿದೆ ಹೇಳು ನೋಡೋಣ" ಎಂದು ಆಕೆ ದೊಡ್ಡವಳಿಗೆ ಅಂದಳಂತೆ. ಮಗು ಮೊದಲ ಅಕ್ಷರಕ್ಕೇ ನಿಂತಿತು. ಆ ಹೆಂಗಸು ಹುಬ್ಬು ಮೇಲೆತ್ತಿದಳು, ಅಷ್ಟೆ.

"ಅವಳು ಹೋದ್ಮೇಲೆ ನಾನೇ ಅಂದೆ, ಹೊರಗೆ ನಿಂತ್ಕೋ ಹೋಗು ಅಂತ. ಮಗು ಎದುರಾಡಲಿಲ್ಲ ಅಮ್ಮಾ. ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು, ಎಲ್ಲಾ ಗೊತ್ತಿತ್ತು ಅದಕ್ಕೆ" ಎಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಆ ಟೀಚರಮ್ಮಂಗೆ ಅಷ್ಟು ಮಾತಾಡಿ ಬಂದೆ. ನಾನೇನು ಮಾಡ್ದೆ ಹೇಳಿ. ನಂಗೆ ಮಾನ ಹೋಯ್ತು ಅಂತ ಮಗೂನ ಹೊರಗೆ ಹಾಕ್ದೆ."

ಅದಾದ ಮೇಲೆ ಮೇಲಿನ ಮನೆಯಲ್ಲಿ ಗಂಟೆ ಕೇಳಿಸಲಿಲ್ಲ. ಮಕ್ಕಳ ಯೂನಿಫಾರಂ ಹೊಲಿಗೆ ಬಿಚ್ಚಿ ದಿಂಬಿನ ಚೀಲ ಮಾಡಿದಳು. ಎಲ್ಲಿ ಮತ್ತೆ ಶಾಲೆಗೇ ಅಟ್ಟುತ್ತಾಳೋ ಎಂದು ನಾನು ಹೆದರಿದ್ದೆ. ಆದರೆ ಒಂದು ಬೆಳಿಗ್ಗೆ ಬಂದು, "ಅಮ್ಮಾ, ನೀವೂ ಪಾಠಕ್ಕೆ ಬನ್ನಿ" ಎಂದಳು.

"ಈ ವಯಸ್ಸಲ್ಲಾ? ನಗೆಪಾಟಲು ಮಾಡ್ತೀಯೇನೇ?"

"ಏನಾದ್ರೂ ಓದಿ ಅಂದ್ರೆ ಕನ್ನಡಕ ಸಿಗ್ತಿಲ್ಲ ಅಂತೀರ. ಕನ್ನಡಕ ಮೂಗಿನ ಮೇಲೇ ಇರತ್ತೆ. ನಂಗೊತ್ತಿಲ್ವಾ?"

ನನ್ನ ಕಿವಿ ಬಿಸಿಯಾಯಿತು. ಎರಡನೇ ತರಗತಿಗೇ ಬಿಡಿಸಿದ್ದರು ನನ್ನನ್ನು. ಸಹಿ ಬರುತ್ತಿತ್ತು. ಒತ್ತಕ್ಷರ ಎದುರಾದರೆ ಗಾಡಿ ನಿಂತುಬಿಡುತ್ತಿತ್ತು. ಅದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

"ತಪ್ಪು ಓದೋಕೆ ದೊಡ್ಡವಳಿಗೊಂದು ಜೊತೆ ಬೇಕು ಅಮ್ಮಾ. ನನ್ನೆದುರು ಬಾಯೇ ಬಿಡಲ್ಲ ಅವಳು" ಎಂದಳು ಮೆಲ್ಲಗೆ.

ಹೋದೆ. ಟೇಪಮ್ಮ ಚೂರು ಬಟ್ಟೆಗಳ ಮೇಲೆ ದಪ್ಪ ದಾರದಲ್ಲಿ ಅಂಗೈಯಗಲದ ಅಕ್ಷರಗಳನ್ನು ಹೊಲಿದಿದ್ದಳು. ದಾರ ಸಾಗಿದ ದಾರಿಯಲ್ಲೇ ಬೆರಳು ಓಡಿಸಬೇಕು, ಆಮೇಲೆ ಹೇಳಬೇಕು. ನಾನು ತಪ್ಪಿದರೆ ದೊಡ್ಡವಳು ನನ್ನ ಬೆರಳು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. "ಅಯ್ಯೋ ಅಜ್ಜಿ, ಅಡ್ಡದಾರಿ ಹಿಡಿದ್ರಿ!" ಟೇಪಮ್ಮ ಆ ಹೊತ್ತಿನಲ್ಲಿ ಬಾಯಿ ಹಾಕುತ್ತಿರಲಿಲ್ಲ. ಬೆನ್ನು ತಿರುಗಿಸಿ ಗುಂಡಿ ಹಾಕುತ್ತಾ ಕೂರುತ್ತಿದ್ದಳು. ಮಗು ನಿಧಾನವಾಗಿಯೇ ಓದಿತು. ಈಗಲೂ ನಿಧಾನವೇ. ಆದರೆ ನಿಲ್ಲುವುದಿಲ್ಲ.

ಟೇಪಮ್ಮನ ಗಂಡನ ಕೆಲಸ ಬೇರೆ ಕಡೆಗೆ ಆಯಿತು. ಮನೆ ಖಾಲಿ ಮಾಡುವ ದಿನ ದೊಡ್ಡವಳು ಕೆಳಗೆ ಲಾರಿಯ ಪಕ್ಕ ನಿಂತು, ಅದರ ಹಲಗೆಯ ಮೇಲೆ ಬರೆದಿದ್ದನ್ನು ತಂಗಿಗೆ ಜೋರಾಗಿ ಓದಿ ಹೇಳುತ್ತಿದ್ದಳು. ಟೇಪಮ್ಮ ನನ್ನ ಕೈ ಹಿಡಿದುಕೊಂಡು ಮೆಟ್ಟಿಲಲ್ಲೇ ತಡೆದಳು.

"ಅವತ್ತು ನಾನು ಹೊರಗೆ ನಿಲ್ಲಿಸಿದ್ದನ್ನ ಅವಳು ಒಂದು ದಿನಾನೂ ಎತ್ತಿಲ್ಲ ಅಮ್ಮಾ. ಮರೆತಿದಾಳೋ, ನನಗೋಸ್ಕರ ನುಂಗ್ಕೊಂಡಿದಾಳೋ ಗೊತ್ತಿಲ್ಲ. ಮುಖ ನೋಡಿ ಕೇಳೋ ಧೈರ್ಯ ನಂಗಿಲ್ಲ. ಹೊರಡೋಕೆ ಮುಂಚೆ ನೀವೊಂದು ಸಲ ಕೇಳಿ ನೋಡ್ತೀರಾ?"