ಗೋಡಂಬಿ ಬಾರದ ಮನೆ

ಈಗಷ್ಟೇ ಬಾಣಲೆಯಲ್ಲಿ ಕುಂಬಳಕಾಯಿ ಬೀಜ ಹುರಿದಿಟ್ಟು ಬಂದೆ. ಬಿಸಿ ತಾಕಿದ ಕೂಡಲೇ ಈ ಬೀಜ ಹೊಟ್ಟೆ ಉಬ್ಬಿಸಿಕೊಂಡು ಚಟ್ ಎಂದು ಮಗ್ಗುಲಾಗುತ್ತದೆ. ಆಗ ಏಳುವ ವಾಸನೆ ಎಳ್ಳಿನಷ್ಟು ಜೋರಲ್ಲ, ಕಡಲೇಕಾಯಿಯಷ್ಟು ಸಲುಗೆಯದೂ ಅಲ್ಲ. ಇನ್ನೂ ಪರಿಚಯವಾಗದ ನೆಂಟರು ಬಾಗಿಲಲ್ಲಿ ನಿಂತು ಕೆಮ್ಮಿದ ಹಾಗೆ. ಇಷ್ಟು ಸಾಧು ವಾಸನೆಗೆ ಹೆದರುವುದೇಕೆ ಎಂದು ನೀವು ಕೇಳಬಹುದು. ಹೆದರಿಕೆಯಲ್ಲ. ಆದರೂ ಪ್ರತಿ ಸಲ ಸೌಟು ಹಿಡಿದ ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತದೆ. ಈ ಬೀಜ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರದ ನಂತರ. ಆ ಭಾನುವಾರವನ್ನು ಹೇಳದೆ ಬೀಜದ ಮಾತು ಮುಂದೆ ಹೋಗುವುದಿಲ್ಲ.

ನಾವು ಮಂಡ್ಯದ ಕಡೆಯವರು. ಯಜಮಾನರಿಗೆ ಇಲ್ಲಿ ಚೆನ್ನೈನ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸವಾದಾಗ ಮದುವೆಯಾಗಿ ಬಂದವಳು ನಾನು. ಮಗನ ಜೊತೆ ಬಂದವರು ಅತ್ತೆ. ನನ್ನ ಅಡುಗೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಂದು ದಿನ ಹುಳಿ, ಒಂದು ದಿನ ಸಾರು, ಮಾರನೆಯ ದಿನ ಅದೇ ಹುಳಿಗೆ ಸ್ವಲ್ಪ ತೆಂಗಿನಕಾಯಿ ಹೆಚ್ಚು ಹಾಕಿ ಕೂಟು ಎಂಬ ಹೆಸರು. ಅದರ ಮೇಲೆ ಮೊಸರು ಸುರಿದುಕೊಂಡರೆ ಎಲ್ಲ ತಪ್ಪೂ ಮುಚ್ಚಿಹೋಗುತ್ತಿತ್ತು. ಹೀಗಿರುವಾಗ ಮಗಳು ಸಿಂಧು ಕಾಲೇಜು ಸೇರಿದ ವರ್ಷ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಳು. ಮೊದಲೇ ಸೊಪ್ಪುಸದೆ ತಿನ್ನುವ ಮನೆ, ಇನ್ನು ಬಿಡುವುದಕ್ಕೇನಿದೆ ಎಂದು ನಿಶ್ಚಿಂತಳಾಗಿದ್ದ ನನಗೆ ಅದು ದೊಡ್ಡ ಪೆಟ್ಟು. ಚೆನ್ನೈನ ಮೇ ತಿಂಗಳಲ್ಲಿ ಮೊಸರನ್ನ ಬೇಡ ಎನ್ನುವವರನ್ನು ನೀವೇನಾದರೂ ನೋಡಿದ್ದೀರಾ?

ಹುಡುಗಿ ಸೊರಗಿಹೋದಾಳೆಂದು ನಾನು ಮೊಬೈಲ್ ಹಿಡಿದು ಓದಲು ಕೂತೆ. ಅಗಸೆ ಬೀಜ, ಸೂರ್ಯಕಾಂತಿ ಬೀಜ, ಬಾದಾಮಿ, ಅಕ್ರೋಟು, ಅದರ ಮೇಲೆ ಚಕ್ಕೆ, ಜಾಯಿಕಾಯಿ. ಗಿಡಮರ ಕೊಟ್ಟದ್ದರಲ್ಲೇ ಊಟಕ್ಕೆ ನೂರು ಬಣ್ಣ ತರಬಹುದಂತೆ. ನಾನು ಓದುವುದನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಊರಿಂದ ತರಿಸಿಟ್ಟುಕೊಂಡಿದ್ದ ಹುಚ್ಚೆಳ್ಳಿನ ಡಬ್ಬಿ ತಂದು ನನ್ನ ಮುಂದಿಟ್ಟರು. “ಬೀಜ ಬೀಜ ಅಂತ ಓದ್ತಾ ಇದೀಯಲ್ಲ, ಇದೇನು ಕಲ್ಲಾ?” ಎಂದರು. ಅಂದಿನಿಂದ ಅವರೇ ಮುಂದಾಳು. ಹುಚ್ಚೆಳ್ಳು ಪುಡಿ, ಅಗಸೆ ಚಟ್ನಿಪುಡಿ, ಬದನೆಕಾಯಿಗೆ ಎಳ್ಳು ಅರೆದು ಹಾಕಿದ ಗೊಜ್ಜು. ಅವರ ಮಾತು ಅರ್ಥವಾದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಮೊಮ್ಮಗಳು ಅವರ ಪಕ್ಕ ನಿಂತು ಒಗ್ಗರಣೆ ಕಲಿತಳು. ಹಾಲು ಹೋದ ಮನೆಗೆ ರುಚಿ ಬಂತು. ಸುಳ್ಳೇಕೆ ಹೇಳಲಿ, ನನ್ನ ಹುಳಿಗೆ ಇಷ್ಟು ವರ್ಷ ಏನು ಕಡಿಮೆಯಾಗಿತ್ತೆಂದು ನನಗೂ ಆಗಲೇ ತಿಳಿದದ್ದು.

ಇಷ್ಟೆಲ್ಲದರ ನಡುವೆ ಗೋಡಂಬಿ ಮಾತ್ರ ಇರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೇಸರಿಬಾತಿಗೆ ಗೋಡಂಬಿ ಕೇಳಿದಾಗ ಅತ್ತೆ, “ನಮ್ಮನೇಲಿ ತರಲ್ಲ ಕಣಮ್ಮ” ಎಂದಿದ್ದರು. ಏಕೆಂದು ಕೇಳಿದರೆ ಬಿಟ್ಟಿದ್ದೇನೆ ಎಂದರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರುತ್ತಾರಲ್ಲ, ಹಾಗೇನೋ ಎಂದುಕೊಂಡೆ. ಅವರು ಕಾಶಿಗೆ ಹೋಗಿಯೇ ಇರಲಿಲ್ಲ ಎಂಬುದು ಎಷ್ಟೋ ವರ್ಷದ ಮೇಲೆ ಹೊಳೆಯಿತು; ಅಷ್ಟರಲ್ಲಿ ಅಭ್ಯಾಸವಾಗಿಹೋಗಿತ್ತು. ಯಜಮಾನರೂ ಹಾಗೆಯೇ. ಹೋಟೆಲಿನ ಪೊಂಗಲಿನಲ್ಲಿ ಗೋಡಂಬಿ ಸಿಕ್ಕಿದರೆ ಆರಿಸಿ ತಟ್ಟೆಯ ಅಂಚಿಗಿಡುತ್ತಿದ್ದರು. ಬಾಯಿ ತುರಿಸುತ್ತದೆ ಎನ್ನುತ್ತಿದ್ದರು. ತಾಯಿ ತಿನ್ನದ್ದಕ್ಕೆ ಮಗನದೊಂದು ನೆಪ ಎಂದು ನಾವೆಲ್ಲ ನಗುತ್ತಿದ್ದೆವು.

ಆ ಭಾನುವಾರ ಅಡುಗೆಯನ್ನೆಲ್ಲ ತಾನೇ ಮಾಡುತ್ತೇನೆಂದು ಸಿಂಧು ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದಳು. ಕೆನೆ, ಮೊಸರು ಯಾವುದೂ ಇಲ್ಲದೆ ಹೋಟೆಲಿನಂಥ ಬಿಳಿ ಕುರ್ಮಾ ಮಾಡಿ ತೋರಿಸುವ ಹಟ. ಅಜ್ಜಿಗೆಂದು ಬೇರೆ ಸಾರು ಮಾಡಿಟ್ಟಿದ್ದಳು. ಏಲಕ್ಕಿ, ಲವಂಗದ ವಾಸನೆ ಮನೆಯೆಲ್ಲ ಹರಡಿತ್ತು. ಏನು ಹಾಕಿದ್ದೀಯೆ ಎಂದು ಅಪ್ಪ ಕೇಳಿದಾಗ, ಮೊದಲು ತಿಂದು ನೋಡಿ, ಆಮೇಲೆ ಹೇಳುತ್ತೇನೆ ಎಂದಳು. ಅವರು ಚಪಾತಿಯಲ್ಲಿ ಬಳಿದು ಬಳಿದು ತಿಂದರು, ಮತ್ತೆ ಬಡಿಸಿಕೊಂಡರು. ಮಗಳ ಮುಖ ಅರಳಿತು. ನೆನೆಸಿ ಅರೆದ ಗೋಡಂಬಿ ಎಂದು ಅವಳು ಹೇಳುವ ಹೊತ್ತಿಗೆ ಅವರು ಗಂಟಲು ಸವರಿಕೊಳ್ಳುತ್ತಿದ್ದರು.

ಮುಂದಿನದೆಲ್ಲ ನನ್ನ ಕಣ್ಣೆದುರೇ ಆಯಿತು, ಆದರೂ ನಂಬಲಾಗಲಿಲ್ಲ. ತುಟಿ ದಪ್ಪಗಾಯಿತು. ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದವು. ನನ್ನ ಹೆಸರು ಹಿಡಿದು ಕರೆಯಲು ಹೋದರು. ಬಂದ ದನಿ ಅವರದಾಗಿರಲಿಲ್ಲ. ಉಸಿರು ಎಳೆದುಕೊಳ್ಳಲು ಕುರ್ಚಿಯ ತೋಳು ಹಿಡಿದು ಎದ್ದವರು ಹಾಗೆಯೇ ನನ್ನ ಮೇಲೆ ಒರಗಿದರು. ಸಿಂಧು ಓಡಿ ಎದುರು ಮನೆಯವರ ಬಾಗಿಲು ಬಡಿದಳು. ಅವರು ಕಾರು ತೆಗೆದರು. ಈ ಗಡಿಬಿಡಿಯಲ್ಲಿ ಅತ್ತೆ ತಮ್ಮ ಕೋಣೆಯಿಂದ ಬಂದು ಮಗನ ಮುಖ ನೋಡಿದರು. ಅವರು ಅಳಲಿಲ್ಲ, ಕೂಗಲಿಲ್ಲ. ಗೋಡೆಗೆ ಕೈಕೊಟ್ಟು, “ಇವನಿಗೂ ಬಂತಾ” ಎಂದರು.

ಆ ‘ಇವನಿಗೂ’ ಎಂಬ ಮಾತು ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿತ್ತು. ಇವರಿಗೂ ಎಂದರೆ, ಮೊದಲು ಯಾರಿಗೆ?

ಆಸ್ಪತ್ರೆ ಹತ್ತಿರವಿದ್ದದ್ದೇ ಪುಣ್ಯ. ನೋಡಿದ ಕೂಡಲೇ ತೊಡೆಗೆ ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಮ್ಲಜನಕ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಉಸಿರು ಸರಿಹೋಯಿತು. ವಯಸ್ಸಿನಲ್ಲಿ ಸಿಂಧುವಿಗಿಂತ ಅಷ್ಟೇನೂ ದೊಡ್ಡವಳಲ್ಲದ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ತಮಿಳಿನಲ್ಲಿ ವಿವರಿಸಿದರು: ಗೋಡಂಬಿ ಇವರ ಮೈಗೆ ಒಗ್ಗುವುದಿಲ್ಲ, ಕೆಲವರಿಗೆ ಅದು ಪ್ರಾಣಕ್ಕೇ ಬರುತ್ತದೆ, ಬಾಯಿ ತುರಿಸುತ್ತಿದ್ದದ್ದು ನೆಪವಲ್ಲ, ಎಚ್ಚರಿಕೆ. ಇನ್ನು ಮುಂದೆ ಒಂದು ಚೂರೂ ಕೂಡದು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದಾಗ ನಾನು ಇಲ್ಲ ಎಂದೆ. ನಮ್ಮ ಜೊತೆಗೇ ಕಾರು ಹತ್ತಿ ಬಂದು ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದು, ತಮಗೆ ಬಂದಷ್ಟು ತಮಿಳಿನಲ್ಲಿ, ಮೂರು ವರ್ಷದ ಮಗುವಿಗೂ ಹೀಗಾಗುತ್ತದೆಯೇ ಎಂದು ಕೇಳಿದರು. ಮುಖ ಊದಿ, ಉಸಿರು ಕಟ್ಟಿ, ವೈದ್ಯರ ಮನೆ ಮುಟ್ಟುವುದರೊಳಗೆ ಹೋಗಿಬಿಡುತ್ತದೆಯೇ?

ನಾನು ಆ ಮನೆಯ ಸೊಸೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ನಮ್ಮವರಿಗಿಂತ ಮೊದಲು ಅತ್ತೆಗೆ ಒಂದು ಗಂಡು ಮಗುವಿತ್ತೆಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ, ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಡಾಕ್ಟರು, ಇಷ್ಟು ಹಿಂದಿನದನ್ನು ಖಂಡಿತ ಹೇಳಲಾಗದು, ಆದರೆ ಇದೇ ಇರಬಹುದು ಎಂದರು. ಅತ್ತೆ ತಲೆಯಾಡಿಸಿದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆ ರಾತ್ರಿಗೆ ಯಜಮಾನರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಮಾರನೆಯ ಬೆಳಗ್ಗೆ ಮನೆಗೆ ಕರೆತಂದಾಗ ಸಿಂಧು ಕೋಣೆಯಿಂದ ಹೊರಗೇ ಬರಲಿಲ್ಲ. ಹಿಂದಿನ ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ನಾನು ಗದರಿದೆ, ರಮಿಸಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದವಳು, “ನಾನ್‌ದಾಮ್ಮಾ ಪಣ್ಣಿನೇನ್” ಎಂದಳು. ಮಾಡಿದ್ದು ನಾನೇ ಅಲ್ಲವೇ ಅಮ್ಮ, ಎಂದು.

ಆಗ ಅತ್ತೆ ಬಂದು ಮಂಚದ ಅಂಚಿನಲ್ಲಿ ಕೂತರು. ಬಾಗಿಲಲ್ಲಿ ನಾನು, ನನ್ನ ಹಿಂದೆ ಗೋಡೆ ಹಿಡಿದುಕೊಂಡು ಬಂದ ಯಜಮಾನರು. ಅತ್ತೆ ನಮ್ಮನ್ನು ನೋಡದೆ, ಮೊಮ್ಮಗಳ ಬೆನ್ನಿಗೆ ಹೇಳುವಂತೆ ಹೇಳಿದರು. ಮನೆಯಲ್ಲಿ ಯಾರದೋ ನಾಮಕರಣ. ಪಾಯಸಕ್ಕೆಂದು ಅವರು ತುಪ್ಪದಲ್ಲಿ ಗೋಡಂಬಿ ಹುರಿಯುತ್ತಿದ್ದರಂತೆ. ಮಗು ಸೆರಗು ಹಿಡಿದು ಎಳೆಯಿತು. ಊದಿ ಊದಿ ಆರಿಸಿ ಅದರ ಅಂಗೈಗೆ ಹಾಕಿದರು. ಅದೇ ಮೊದಲ ಸಲ ಅದು ಗೋಡಂಬಿ ತಿಂದದ್ದು. ಆಮೇಲೆ ನಾವು ಭಾನುವಾರ ನೋಡಿದ್ದೇ ಎಲ್ಲ, ಆದರೆ ಕಾರೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಹೋದ ಮೇಲೆ ನೋಡಿದರೆ ಮುಷ್ಟಿಯಲ್ಲಿ ಇನ್ನೂ ಒಂದು ಉಳಿದಿತ್ತಂತೆ. ಅದಕ್ಕೇ ಅದನ್ನು ಕಣ್ಣಿಂದ ನೋಡಲಾಗದೆ ಮನೆಗೆ ಬಾರದಂತೆ ಮಾಡಿದರು. ಅದರಿಂದಲೇ ಹೋಯಿತು ಎಂಬುದು ಯಾರಿಗೂ ಹೊಳೆಯಲಿಲ್ಲ. ಅವರ ಅತ್ತೆ ಹೇಳಿದ್ದೇ ಬೇರೆ: ಹೊಸ ಬಟ್ಟೆ ಹಾಕಿ, ತಿನ್ನುವುದನ್ನು ಕಣ್ತುಂಬ ನೋಡಿದೆಯಲ್ಲ, ಹೆತ್ತವಳ ಕಣ್ಣೇ ತಾಗಿತು.

ನಮ್ಮತ್ತೆ ಮಗನಿಗೆ ಬಡಿಸುವಾಗ ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತಿದ್ದರು. ಬಡಿಸಿ ಒಳಗೆ ಹೋಗಿಬಿಡುತ್ತಿದ್ದರು. ಬಿಗುಮಾನದ ಹೆಂಗಸು ಎಂದುಕೊಂಡಿದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತವಳಿಗೆ ಅದೆಲ್ಲ ಒಟ್ಟಿಗೇ ಅರ್ಥವಾಯಿತು. ಐವತ್ತು ವರ್ಷ ಒಬ್ಬ ತಾಯಿ, ಉಳಿದೊಬ್ಬ ಮಗ ಉಣ್ಣುವುದನ್ನು ನೋಡಿರಲಿಲ್ಲ.

“ನಾನೂ ಪ್ರೀತಿಯಿಂದಲೇ ಕೊಟ್ಟೆ, ನೀನೂ ಪ್ರೀತಿಯಿಂದಲೇ ಕೊಟ್ಟೆ” ಎಂದರು ಅತ್ತೆ. “ಗೊತ್ತಿಲ್ದೆ ಕೊಟ್ಟಿದ್ದು ಕಣೇ. ನಿನ್ನ ಕೈಲಿ ತಪ್ಪಿಲ್ಲ.”

ಸಿಂಧು ಈಚೆ ತಿರುಗಿದಳು. ಅಜ್ಜಿಯ ಮುಖ ನೋಡಿದಳು. ಅತ್ತು ಅತ್ತು ಊದಿದ್ದ ಕಣ್ಣು. ಆಮೇಲೆ ನಾನು ಬಹಳ ವರ್ಷಗಳಿಂದ ಕೇಳಿರದ ಅಚ್ಚ ಕನ್ನಡದಲ್ಲಿ ಕೇಳಿದಳು:

“ಹಾಗಾದ್ರೆ ನಿಮ್ಮ ಕೈಲೂ ತಪ್ಪಿಲ್ಲ ಅಲ್ವಾ ಅಜ್ಜಿ?”

ಯಾರೂ ಇಷ್ಟು ವರ್ಷ ಆ ಮಾತನ್ನು ಅತ್ತೆಗೆ ಹೇಳಿರಲಿಲ್ಲ. ಬಹುಶಃ ತಮಗೆ ತಾವೇ ಹೇಳಿಕೊಳ್ಳುವ ದಾರಿಯೂ ಗೊತ್ತಿರಲಿಲ್ಲ. ನನ್ನ ಹಿಂದಿನಿಂದ ಯಜಮಾನರು, ಇನ್ನೂ ಗೊರಗೊರ ಎನ್ನುತ್ತಿದ್ದ ಗಂಟಲಲ್ಲಿ, “ಅಮ್ಮ, ನೀನು ಅದನ್ನ ಮನೆಗೆ ತರದೆ ಇದ್ದಿದ್ದಕ್ಕೇ ನಾನು ದೊಡ್ಡವನಾದೆ” ಎಂದರು. ಅತ್ತೆ ಮಗನ ಕಡೆ ತಿರುಗಿದರು. ಆಗ ಬಂತು ಅಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ, ಮತ್ತೆ ಕೇಳುವುದೂ ಬೇಡ.

ಆ ಮಧ್ಯಾಹ್ನ ಅನ್ನ, ತಿಳಿಸಾರು. ಅತ್ತೆ ಬಡಿಸಿ ಒಳಗೆ ಹೋಗಲಿಲ್ಲ. ಮಗನ ಎದುರಿಗೆ ಕೂತು ತುತ್ತು ತುತ್ತನ್ನೂ ನೋಡಿದರು. ನಮ್ಮವರು ಸಂಕೋಚದಲ್ಲಿ ಸಾರು ಚೆಲ್ಲಿಕೊಂಡರು.

ಈಗ ಎಲ್ಲರೂ ಚೆನ್ನಾಗಿದ್ದೇವೆ. ಮಗಳು ಅಡುಗೆ ಬಿಡಲಿಲ್ಲ. ಮನೆಯಲ್ಲಿ ಯಾರಿಗೆ ಯಾವುದು ಒಗ್ಗುತ್ತದೆಂದು ಡಾಕ್ಟರರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು, ಕುರ್ಮಾಕ್ಕೆ ಕುಂಬಳಕಾಯಿ ಬೀಜ ಅರೆಯುತ್ತಾಳೆ. ಬಣ್ಣ ಬಿಳಿ ಬರುವುದಿಲ್ಲ, ಪಾಚಿಯಂತಿರುತ್ತದೆ, ರುಚಿಗೇನೂ ಕೊರತೆಯಿಲ್ಲ. ಮನೆಗೆ ಯಾರು ಬಂದರೂ ಎಲೆ ಹಾಕುವ ಮೊದಲು, ನಿಮಗೆ ಏನಾದರೂ ಒಗ್ಗುವುದಿಲ್ಲವೇ ಎಂದು ಕೇಳುವುದು ನಮ್ಮಲ್ಲಿ ಉಪ್ಪು ಬಡಿಸಿದಷ್ಟೇ ಸಹಜವಾಗಿದೆ.

ಮೊನ್ನೆ ಅತ್ತೆಯ ಜೊತೆ ಕೆಳಗಿಳಿಯುವಾಗ ಲಿಫ್ಟಿನಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಸಿಕ್ಕಿದರು. ಮಾತಿಗೆ ಮಾತು ಬೆಳೆದು, ಅಜ್ಜಿ, ನಿಮಗೆ ಎಷ್ಟು ಮಕ್ಕಳು ಎಂದು ತಮಿಳಿನಲ್ಲಿ ಕೇಳಿದರು. ಯಾರು ಕೇಳಿದರೂ ಅತ್ತೆ ಒಬ್ಬನೇ ಮಗ ಎನ್ನುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅವರ ಪರವಾಗಿ ಅದನ್ನು ಹೇಳಲು ನಾನು ಬಾಯಿ ತೆರೆದೂ ಆಗಿತ್ತು. ಅತ್ತೆ ನನ್ನ ಮೊಣಕೈ ಮೇಲೆ ಕೈಯಿಟ್ಟು ತಡೆದರು.

“ರೆಂಡು ಪಸಂಗ” ಎಂದರು. ಇಬ್ಬರು ಗಂಡುಮಕ್ಕಳು.

ಲಿಫ್ಟು ಕೆಳಗೆ ಬಂದು ಬಾಗಿಲು ತೆರೆದುಕೊಂಡಿತು. ಆ ಹೆಂಗಸು ಇಳಿದರು, ಅತ್ತೆಯೂ ಇಳಿದರು. ನಾನು ಒಳಗೇ ನಿಂತಿದ್ದೆ.