ನೆಗ್ಗಿದ ಕ್ಯಾನಿನ ಸನ್ಮಾನ

ಪೇಪರಿನಲ್ಲಿ ಬಂದ ನೆರೆ ಪರಿಹಾರದ ಫೋಟೋಗಳಲ್ಲಿ ತುಳಸಾಬಾಯಿ ಮೊದಲು ನೋಡುವುದು ಕಾಲು. ಮುಖಕ್ಕೆ ನಗು ಎಂದು ಹೇಳಿರುತ್ತಾರೆ, ಅದು ನಗುತ್ತದೆ. ಕಾಲಿಗೆ ಯಾರೂ ಏನೂ ಹೇಳಿರುವುದಿಲ್ಲ. ಸೊಂಟದ ಮಟ್ಟ ನೀರು ನಿಂತಿದೆ ಎಂಬ ಸುದ್ದಿಯ ಕೆಳಗೆ ಬೂಟು ಮಿರಮಿರ ಮಿಂಚುತ್ತಿದ್ದರೆ, "ಅತ್ತಿ, ಇದು ಸುಳ್ಳರಿ" ಎಂದು ಮುಂದಿನ ಪುಟಕ್ಕೆ ಹೋಗುತ್ತಾರೆ. ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದು ಮೂವತ್ತು ವರ್ಷವಾದ ಅವರಿಗೆ, ತೆಲುಗು ಪೇಪರು ಓದಿ ಅತ್ತೆ ಪಾರ್ವತೆಮ್ಮನಿಗೆ ಕನ್ನಡದಲ್ಲಿ ಹೇಳುವುದು ಬೆಳಗಿನ ಚಹಾದ ಜೊತೆಗಿನ ಕೆಲಸ.

ಕಾಲು ನೋಡುವ ಈ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದ ಗುರು ನರಹರಿ. ಗುರುದಕ್ಷಿಣೆ ಒಪ್ಪಿಸುವವರೆಗೆ ತುಳಸಾಬಾಯಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಾರ್ನಾಕದ ತಗ್ಗಿನಲ್ಲಿರುವ ಅವರ ಕಾಲೊನಿಯ ಸಂಘಕ್ಕೆ ನರಹರಿ ಅಧ್ಯಕ್ಷರು. ಮೈಸೂರಿನವರು, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ನಿವೃತ್ತಿಯ ಸುದ್ದಿ ಮಾತ್ರ ಇನ್ನೂ ಅವರ ಕಿವಿಗೆ ಮುಟ್ಟಿಲ್ಲ. ಬೀದಿಯ ನಲ್ಲಿ ಸೋರಿದರೂ "ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ" ಎಂದು ವಾಟ್ಸ್ಯಾಪಿನಲ್ಲಿ ಪ್ರಕಟಣೆ ಹೊರಡಿಸುವ ಮನುಷ್ಯ.

ಆ ಸೆಪ್ಟೆಂಬರಿನಲ್ಲಿ ಮಳೆ ಹುಯ್ದು ಪಕ್ಕದ ಕೊಳಚೆ ನಾಲಾ ಉಕ್ಕಿ ಕಾಲೊನಿಯೊಳಗೆ ಬಂತು. ಕರೆಂಟಿಲ್ಲ. ನಲ್ಲಿ ತಿರುಗಿಸಿದರೆ ನಾಲಾದ್ದೇ ವಾಸನೆ. ಎಲ್ಲರೂ ಬಾಯಿಬಿಟ್ಟು ಕೇಳುತ್ತಿದ್ದದ್ದು ಕುಡಿಯುವ ನೀರೊಂದನ್ನೇ. ಆಗ ನರಹರಿ "ಪರಿಹಾರ ವಾರ್ತಾ ಸಂಯೋಜಕರು" ಎಂಬ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಪ್ರತ್ಯಕ್ಷರಾದರು. ಬಿಲ್ಲೆ ಅವರೇ ಮಾಡಿಸಿಕೊಂಡದ್ದು. ನೀರು ಮುಟ್ಟದ ಎತ್ತರದಲ್ಲಿದ್ದ ಫಂಕ್ಷನ್ ಹಾಲಿನ ಮೆಟ್ಟಿಲಿಗೆ ಮನೆಗೊಬ್ಬರಂತೆ ಕರೆಸಿದರು. ತುಳಸಾಬಾಯಿ ಸೀರೆ ಎತ್ತಿಕಟ್ಟಿ ನೀರು ದಾಟಿ ಹೋದರು. ಕೈಗೆ ನೀಲಿ ಬಣ್ಣದ ನೀರಿನ ಕ್ಯಾನು ಬಂತು. ಹೊಟ್ಟೆಯ ಹತ್ತಿರ ನೆಗ್ಗಿತ್ತು, ಆದರೆ ತುಂಬಿತ್ತು.

"ನಗಿ ತುಳಸಾಬಾಯಿಯವರೇ, ನಗಿ. ಸರ್ಕಾರಕ್ಕೆ ಹೋಗೋ ಫೋಟೋ."

ನಕ್ಕರು. ಕ್ಲಿಕ್ಕೆಂದಿತು.

"ಈಗ ಈ ಕಡೆ ಕೊಡಿ. ಮುಂದಿನ ಮನೆಯವರು ಕಾಯ್ತಾ ಇದ್ದಾರೆ."

"ಅಯ್ಯ, ಮತ್ತ ನೀರರಿ? ಮನ್ಯಾಗ ನಮ್ಮತ್ತಿ ಬಾಯಿ ಒಣಗಿಸಿಕೊಂಡು ಕುಂತಾರ."

"ಲಾರಿ ಬರ್ತಾ ಇದೆಯಮ್ಮ. ನೀರು ನಿಧಾನವಾಗಿ ಬರಬಹುದು, ಸುದ್ದಿ ಸಂಜೆಯೊಳಗೆ ಹೋಗಲೇಬೇಕು. ಇದೆಲ್ಲ ಪ್ರೋಟೋಕಾಲು, ನಿಮಗೆ ತಿಳಿಯೋದಿಲ್ಲ."

ಸುದ್ದಿ ಹೊತ್ತಿಗೆ ಸರಿಯಾಗಿ ಹೋಯಿತು. ಸರ್ಕಾರದ ಪರಿಹಾರ ಕಚೇರಿಯವರು ಅದನ್ನೇ ಅಧಿಕೃತ ಪ್ರಕಟಣೆ ಮಾಡಿ ಹಂಚಿದರು. "ಕಾಲೊನಿಯ ಪ್ರತಿ ಮನೆಗೂ ನೀರು" ಎಂದು ಪೇಪರುಗಳು ದಪ್ಪಕ್ಷರದಲ್ಲಿ ಹಾಕಿದವು. ಅದನ್ನು ನೋಡಿದ ಅದೇ ಕಚೇರಿಯವರು, ಅಲ್ಲಿ ಕೊಟ್ಟಾಯಿತಲ್ಲ ಎಂದು ಬರುತ್ತಿದ್ದ ಲಾರಿಯನ್ನು ಬೇರೆ ಬಡಾವಣೆಗೆ ತಿರುಗಿಸಿದರು.

ಪಾರ್ವತೆಮ್ಮ ಬಾಯಾರಿಕೆ ತಡೆಯಲಾರದೆ ತಾರಸಿಯಲ್ಲಿ ಹಿಡಿದಿಟ್ಟ ಮಳೆ ನೀರು ಕುಡಿದು, ವಾಂತಿ ಭೇದಿಯಾಗಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾಲ್ವರ ಹೆಗಲೇರಿ ಆಸ್ಪತ್ರೆ ಸೇರಿದರು. ಅಲ್ಲಿನ ಬೆಂಚಿನ ಮೇಲೆ ತುಳಸಾಬಾಯಿಗೆ ಆ ಪೇಪರು ಸಿಕ್ಕಿತು. ಸಾಲಾಗಿ ಫೋಟೋ, ಒಂದೊಂದರಲ್ಲೂ ಒಂದೊಂದು ಮನೆಯವರ ನಗು, ಎಲ್ಲರ ಕೈಯಲ್ಲೂ ನೆಗ್ಗಿದ ಅದೇ ಕ್ಯಾನು. ಕ್ಯಾನು ಹಿಡಿದವರದೆಲ್ಲ ಒದ್ದೆ ಪಾದಗಳು. ಪಕ್ಕದಲ್ಲಿ ಹನಿ ನೀರೂ ತಾಗದ ನರಹರಿಯ ಬೂಟು.

"ಏನ್ ಬರದಾರ ತುಳಸಾ?" ಎಂದರು ಪಾರ್ವತೆಮ್ಮ, ಗ್ಲುಕೋಸ್ ಬಾಟಲಿಯ ಕೆಳಗಿನಿಂದ.

"ನಿಮಗ ನೀರು ಮುಟ್ಟೈತಂತ್ರಿ."

"ಹೌದಾ? ಹಂಗಾರ ನಾ ಯಾಕ ಇಲ್ಲಿ ಮಲಗೀನಿ?"

ತುಳಸಾಬಾಯಿ ಪೇಪರು ಮಡಚಿದರು. "ಎಲ್ಲರ ಮುಂದ ಅವನ ಬಾಯಿಲೇ ಖರೇ ಹೊರಡಸ್ತೀನ್ರಿ ಅತ್ತಿ. ಇಲ್ಲಂದ್ರ ನಾ ನಿಮ್ಮ ಸೊಸಿ ಅಲ್ಲ."

ಮನೆಗೆ ಮರಳಿದ ಮೇಲೆ ಶುಂಠಿ ಜಜ್ಜುವಾಗ ಅವರ ಕಣ್ಣಿಗೆ ಕಲ್ಲಿನಲ್ಲಿ ನರಹರಿಯ ತಲೆಯೇ ಕಾಣುತ್ತಿತ್ತು. ಬೂಟಿನ ಸದ್ದು ಕೇಳಿದರೆ ಸಾಕು, ಮುಸುರೆ ನೀರನ್ನು ಸರಿಯಾಗಿ ಅದೇ ಗಳಿಗೆಗೆ ಬೀದಿಗೆ ಚೆಲ್ಲುತ್ತಿದ್ದರು. ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ನರಹರಿ ಆ ಫೋಟೋಗಳಿಗೆ ಕಟ್ಟು ಹಾಕಿಸಿ ಸಂಘದ ಗೋಡೆಗೆ ತೂಗುಹಾಕಿದ್ದರು.

ನವೆಂಬರಿನಲ್ಲಿ ದೇವರು ಕಣ್ಣು ಬಿಟ್ಟ. ನಾಂಪಲ್ಲಿಯ ಹಾಲಿನಲ್ಲಿ ಕನ್ನಡ ಬಳಗದವರ ರಾಜ್ಯೋತ್ಸವ. ಪೇಪರು ಓದಿ ಪುಳಕಿತರಾದ ಬಳಗದವರು ನರಹರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಪ್ರತಿ ವರ್ಷ ಸನ್ಮಾನದ ತಟ್ಟೆ ಹಿಡಿದು ವೇದಿಕೆಯ ಮೇಲೆ ನಿಲ್ಲುವವರು ತುಳಸಾಬಾಯಿ.

"ಈ ಸಲನೂ ತಟ್ಟಿ ನೀನ ಹಿಡೀತಿ ಅಲ್ಲ?" ಎಂದು ಬಳಗದ ಕಾರ್ಯದರ್ಶಿ ಸತ್ಯಭಾಮಾ ಫೋನು ಮಾಡಿದರು.

"ಗಟ್ಟಿ ಹಿಡೀತೀನಿ ಅಕ್ಕಾ."

ನರಹರಿಯ ತಲೆಗೆ ಮೈಸೂರು ಪೇಟ ಏರಿತು, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಅವರು ಗಲ್ಲ ಎತ್ತಿ, ತಮ್ಮ ಒಳ್ಳೆಯ ಮಗ್ಗುಲನ್ನು ಕ್ಯಾಮೆರಾಕ್ಕೆ ಒಡ್ಡಿದರು. ಕ್ಲಿಕ್ಕೆಂದಿತು.

"ಫೋಟೋ ಆತಲ್ರಿ? ಈ ಕಡೆ ಕೊಡ್ರಿ," ಎಂದು ತುಳಸಾಬಾಯಿ ಹಾರ ತೆಗೆದು ತಟ್ಟೆಗೆ ಹಾಕಿದರು.

"ಏನಿದು ತುಳಸಾಬಾಯಿಯವರೇ?"

"ಮುಂದಿನ ಮನಿಯವರು ಕಾಯಾಕತ್ತಾರ್ರಿ." ಶಾಲು ಬಂತು. ಪೇಟ ಬಂತು. ಬೋಳುತಲೆ ದೀಪದ ಬೆಳಕಿಗೆ ಫಳಫಳ ಹೊಳೆಯಿತು. ಕಾಲೊನಿಯವರು ಕೂತಿದ್ದ ಸಾಲಿನಿಂದ ಮೊದಲ ನಗೆ ಎದ್ದಿತು.

ನರಹರಿ ಬುಟ್ಟಿಯನ್ನು ಎದೆಗವಚಿಕೊಂಡರು.

"ಹಣ್ಣು ನಿಧಾನಕ್ಕ ಬರ್ತಾವ್ರಿ. ಲಾರಿ ದಾರ್ಯಾಗೈತಿ. ನಗ್ರಿ, ನಗ್ರಿ!"

"ನಿಮಗೆ ಬುದ್ಧಿ ಇದೆಯೇನ್ರಿ?" ನರಹರಿ ಕಿರುಚಿದರು. "ನನ್ನ ಹತ್ರ ಇದ್ದದ್ದೇ ಒಂದು ಕ್ಯಾನು! ಫೋಟೋ ಆದ ಮೇಲೆ ವಾಪಸ್ ತಗೊಳ್ದೆ ಇನ್ನೇನು ಮಾಡ್ಲಿ?"

ಎದುರಿಗಿದ್ದ ಮೈಕು ಅದನ್ನು ಹಾಲಿನ ಕಟ್ಟಕಡೆಯ ಕುರ್ಚಿಯವರೆಗೂ ಮುಟ್ಟಿಸಿತು. ನಗೆ ನಿಂತಿತು. ಸತ್ಯಭಾಮಾ ಎದ್ದು ಬಂದು ಅವರ ಕೈಯಿಂದ ಬುಟ್ಟಿ ತೆಗೆದುಕೊಂಡರು.

ಮರುದಿನದ ಪೇಪರಿನಲ್ಲಿ "ನೆರೆ ಸೇವಕ ನರಹರಿಗೆ ಅದ್ದೂರಿ ಸನ್ಮಾನ" ಎಂದು ಬಂದಿತ್ತು. ಪೇಟ, ಶಾಲು, ಹಾರ, ಬುಟ್ಟಿ ಎಲ್ಲವೂ ಫೋಟೋದಲ್ಲಿತ್ತು. ಹಾರ ಮಾತ್ರ ತುಳಸಾಬಾಯಿಯ ಅಡುಗೆಮನೆಯಲ್ಲಿ ನೀರಿನ ಡ್ರಮ್ಮಿನ ಕೊರಳಲ್ಲಿತ್ತು.

"ಅಷ್ಟೆಲ್ಲಾ ಕೊಟ್ರೇನ ಅವಗ?" ಎಂದರು ಪಾರ್ವತೆಮ್ಮ.

"ಕೊಟ್ಟಾರಂತ ಬರದಾರ್ರಿ ಅತ್ತಿ."

"ಕಾಲು ನೋಡಿದೇನ?"

ತುಳಸಾಬಾಯಿ ಪೇಪರನ್ನು ಹತ್ತಿರ ಹಿಡಿದರು. "ಬೂಟು ಹಂಗ ಅದಾವ್ರಿ. ಅದೊಂದ ಕಳಚೂದು ಮರ್ತೆ ನೋಡ್ರಿ."

ಪಾರ್ವತೆಮ್ಮ ಚಹಾದ ಕೊನೆಯ ಗುಟುಕು ಸೊರ್ರನೆ ಎಳೆದು ಕಪ್ಪು ಕೆಳಗಿಟ್ಟರು. "ಇರಲಿ ಬಿಡು. ಮಳಿ ಮತ್ತ ಬರ್ತೈತಿ."